ಡೇಕೇರ್ ಬಿಡಿಸುವಾಗ ಮಿಸ್‌ಗೆ ಏನು ಕೊಡಬೇಕು, ಹೇಗೆ ಕೊಡಬೇಕು?

ಪ್ರಶ್ನೆ: ನಮ್ಮ ಮಗಳಿಗೆ ಮೂರೂವರೆ ವರ್ಷ. ಎರಡು ವರ್ಷದಿಂದ ಒಂದೇ ಡೇಕೇರ್‌ಗೆ ಹೋಗುತ್ತಿದ್ದಾಳೆ, ಇನ್ನು ಆರು ವಾರಕ್ಕೆ ಬಿಡಿಸುತ್ತೇವೆ. ಅವಳ ತಂಡವನ್ನು ನೋಡಿಕೊಳ್ಳುವವರು ಒಬ್ಬ ಮಿಸ್ ಮತ್ತು ಇಬ್ಬರು ಸಹಾಯಕಿಯರು. ಅಡುಗೆಯವರೊಬ್ಬರಿದ್ದಾರೆ, ಅರ್ಧ ದಿನ ಬಂದು ಶುಚಿ ಮಾಡಿ ಹೋಗುವವರೊಬ್ಬರಿದ್ದಾರೆ. ಎಲ್ಲರೂ ಸೇರಿ ದುಡ್ಡು ಹಾಕೋಣ ಎಂದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಮಾತು ಬಂತು. ಎಷ್ಟು ಎನ್ನುವಲ್ಲಿಗೆ ಕಿರಿಕಿರಿ ಶುರುವಾಯಿತು. ನಮಗಂತೂ ಮಿಸ್‌ಗೆ ಬೇರೆಯಾಗಿ ಏನಾದರೂ ಕೊಡುವ ಆಸೆ. ಹೋದ ತಿಂಗಳು ಅವರೇ ಮಗಳ ಹುಟ್ಟುಹಬ್ಬಕ್ಕೆ ಆಟಿಕೆ ಕೊಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಕೊಡಲೇಬೇಕೇ? ದುಡ್ಡು ಒಳ್ಳೆಯದೋ ವಸ್ತುವೋ? ಯಾರೂ ತಪ್ಪು ತಿಳಿಯದ ಹಾಗೆ ಕೊಡುವುದು ಹೇಗೆ?

ಉತ್ತರ: ಉಡುಗೊರೆಯ ಯೋಚನೆಗೆ ಮೊದಲು ನಿಮ್ಮ ಲೆಕ್ಕ ಚುಕ್ತಾ ಆಗಿದೆಯೇ ನೋಡಿಕೊಳ್ಳಿ. ಕೊನೆಯ ತಿಂಗಳ ಶುಲ್ಕ, ಬಿಡಿಸುವ ಮುನ್ನ ಕೊಡಬೇಕಾದ ನೋಟಿಸ್, ತಡವಾಗಿ ಕರೆದೊಯ್ದ ದಿನಗಳ ಹೆಚ್ಚುವರಿ ಹಣ, ಡೇಕೇರ್‌ನಿಂದ ಮನೆಗೆ ಬಂದು ಉಳಿದಿರುವ ಬಟ್ಟೆ, ಪುಸ್ತಕ. ಸಂಜೆ ಇಪ್ಪತ್ತು ನಿಮಿಷ ತಡ ಮಾಡುವುದು ರೂಢಿಯಾಗಿದ್ದರೆ ಆ ಇಪ್ಪತ್ತು ನಿಮಿಷ ಯಾರದೋ ಮನೆಗೆ ಹೋಗುವ ಸಮಯ. ಅದಕ್ಕೆ ಕೊಡಬೇಕಾದದ್ದು ಕೂಲಿ. ವರ್ಷಕ್ಕೊಮ್ಮೆ ಕೊಡುವ ಒಂದು ಪೊಟ್ಟಣದಿಂದ ಅದು ತೀರುವುದಿಲ್ಲ. ಮನೆಗೇ ಬಂದು ಮಗು ನೋಡಿಕೊಳ್ಳುವವರನ್ನು ಇಟ್ಟುಕೊಂಡವರಿಗೆ ಇದು ಇನ್ನೂ ಕಟ್ಟುನಿಟ್ಟು. ಬಾಕಿ ಸಂಬಳ, ತೆಗೆದುಕೊಳ್ಳದೆ ಉಳಿದ ರಜೆಯ ಹಣ, ಕೆಲಸ ಮುಗಿಯುವುದನ್ನು ಮೊದಲೇ ತಿಳಿಸದಿದ್ದರೆ ಆ ಅವಧಿಯ ಸಂಬಳ ಒಂದು ಲಕೋಟೆಯಲ್ಲಿರಲಿ, ಉಡುಗೊರೆ ಇನ್ನೊಂದರಲ್ಲಿರಲಿ. ಎರಡನ್ನೂ ಒಟ್ಟಿಗೆ ಕೊಟ್ಟರೆ ಯಾವುದು ಹಕ್ಕು, ಯಾವುದು ಪ್ರೀತಿ ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಮುಂದೆ ಜಗಳವಾದಾಗ ‘ಆಗ ಕೊಟ್ಟಿದ್ದೆವಲ್ಲ’ ಎಂಬ ಮಾತಿಗೆ ದಾರಿಯಾಗುತ್ತದೆ.

ಎರಡನೆಯದು ನಿಯಮ. ಅದನ್ನು ಮಿಸ್ ಹತ್ತಿರ ಕೇಳಬೇಡಿ, ಡೇಕೇರ್ ನಡೆಸುವವರ ಹತ್ತಿರ ಕೇಳಿ. ‘ನಿಮಗೆ ಏನು ಬೇಕು?’ ಎಂದು ಮಿಸ್‌ಗೇ ಕೇಳಿದರೆ ‘ಏನೂ ಬೇಡ’ ಎನ್ನದೆ ಅವರಿಗೆ ಬೇರೆ ದಾರಿಯಿಲ್ಲ, ಆ ಉತ್ತರದಿಂದ ನಿಮಗೇನೂ ತಿಳಿಯುವುದೂ ಇಲ್ಲ. ನಡೆಸುವವರಿಗೆ ಹೀಗೆ ಬರೆಯಿರಿ: ‘ಸಿಬ್ಬಂದಿಗೆ ಪೋಷಕರು ಉಡುಗೊರೆ ಕೊಡುವ ಬಗ್ಗೆ ನಿಮ್ಮಲ್ಲಿ ನಿಯಮ ಏನಿದೆ? ಮೌಲ್ಯಕ್ಕೆ ಮಿತಿ ಇದೆಯೇ? ನಗದು ಕೊಡಬಹುದೇ? ಎಲ್ಲ ಸಿಬ್ಬಂದಿಗೂ ಸೇರಿಸಿ ಕೊಡಬೇಕೇ, ಒಬ್ಬೊಬ್ಬರಿಗೆ ಕೊಡಬಹುದೇ?’ ಕೆಲವು ಕಡೆ ಪತ್ರದ ಹೊರತು ಏನೂ ತೆಗೆದುಕೊಳ್ಳುವುದಿಲ್ಲ. ಕೆಲವು ಕಡೆ ಒಂದು ಮಿತಿಯವರೆಗೆ ಸರಿ. ಇನ್ನು ಕೆಲವು ಕಡೆ ನಗದು ಬೇಡ, ಅಥವಾ ತಂಡಕ್ಕೆ ಒಟ್ಟಾಗಿ ಮಾತ್ರ.

ಇಂಥ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಅಳುವ ನಾಲ್ಕು ಮಕ್ಕಳಲ್ಲಿ ಯಾರನ್ನು ಮೊದಲು ಎತ್ತಿಕೊಳ್ಳಬೇಕು, ಕಚ್ಚಿದ್ದು ಯಾರು ಎಂದು ಯಾರ ಮನೆಗೆ ಹೇಳಬೇಕು, ಮಗುವಿನ ಮಾತು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿಲ್ಲ ಎಂಬ ಕಹಿ ಸುದ್ದಿಯನ್ನು ಹೇಗೆ ತಿಳಿಸಬೇಕು ಎಂಬುದನ್ನೆಲ್ಲ ನಿತ್ಯ ನಿರ್ಧರಿಸುವ ಕೆಲಸ ಅದು. ದೊಡ್ಡ ಉಡುಗೊರೆ ಅವರ ನಿರ್ಧಾರವನ್ನು ಬದಲಿಸದೇ ಇರಬಹುದು. ಆದರೆ ಬದಲಿಸಿತೇನೋ ಎಂಬ ಅನುಮಾನ ಉಳಿದ ಪೋಷಕರಿಗೆ ಬಂದರೆ ಸಾಕು, ಆ ಮಿಸ್‌ನ ಮಾತಿಗಿದ್ದ ತೂಕ ಹೋಗುತ್ತದೆ. ಅದಕ್ಕೇ ಸಮಯ ಮುಖ್ಯ. ಏನನ್ನಾದರೂ ಕೇಳಿಕೊಳ್ಳುವ ಮುನ್ನ ಕೊಡುವುದು ಅತಿ ಕೆಟ್ಟ ಸಮಯ, ಬಿಡಿಸುವ ಹೊತ್ತು ಅತಿ ಒಳ್ಳೆಯ ಸಮಯ. ಇನ್ನು ಮುಂದೆ ಅವರಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಚಿಕ್ಕ ಮಗುವಿಗೂ ಅಲ್ಲಿ ಸೀಟು ಕೇಳಿದ್ದೀರಿ ಎಂದಾದರೆ ಮಾತ್ರ ಅದು ಇತ್ಯರ್ಥವಾಗುವವರೆಗೆ ಪತ್ರದಲ್ಲೇ ನಿಲ್ಲಿಸಿ.

ಪತ್ರ ಎಂದೆ. ಹೆಚ್ಚಿನವರು ಉಡುಗೊರೆಯ ಮೇಲೆ ಅಂಟಿಸುವ ಚೀಟಿ ಎಂದುಕೊಂಡಿರುವ ಇದೇ ನಿಜವಾದ ಉಡುಗೊರೆ. ಆದರೆ ‘ತುಂಬಾ ಧನ್ಯವಾದ, ನಿಮ್ಮಂಥವರು ಸಿಗುವುದು ನಮ್ಮ ಭಾಗ್ಯ’ ಎಂದು ಬರೆದರೆ ಅದು ಯಾರಿಗೆ ಬೇಕಾದರೂ ಕೊಡಬಹುದಾದ ಕಾಗದ. ಪತ್ರ ನಿಲ್ಲುವುದು ಅವರು ಮಾಡಿದ ಒಂದು ಕೆಲಸದ ಹೆಸರು ಹೇಳಿದಾಗ. ಐದರಿಂದ ಎಂಟು ಸಾಲು ಸಾಕು. ಅವರು ಏನು ಮಾಡಿದರು, ಅದರಿಂದ ಮಗುವಿನಲ್ಲಿ ಏನು ಬದಲಾಯಿತು, ಮನೆಯಲ್ಲಿ ಅದು ಹೇಗೆ ಕಂಡಿತು, ಈ ಮೂರು ಬಂದರಾಯಿತು. ಹೀಗೆ:

‘ಸೇರಿದ ಮೊದಲ ವಾರಗಳಲ್ಲಿ ಅವಳು ಗೇಟಿನ ಹತ್ತಿರ ಅಳುತ್ತಿದ್ದಳು. ನೀವು ಅವಳನ್ನು ಎಳೆದುಕೊಳ್ಳದೆ ಪಕ್ಕದಲ್ಲಿ ಕೂತು, ಕಿಟಕಿಯಿಂದ ಅಮ್ಮನಿಗೆ ಟಾಟಾ ಮಾಡೋಣ ಎಂದು ಪ್ರತಿದಿನ ಅದೇ ಮಾತು ಹೇಳಿದಿರಿ. ಈಗ ಅವಳು ಮನೆಯಲ್ಲಿ ಯಾರೇ ಹೊರಟರೂ ಕಿಟಕಿಗೆ ಓಡುತ್ತಾಳೆ. ಮಧ್ಯಾಹ್ನ ನಿದ್ದೆ ಮಾಡದ ದಿನ ಅದನ್ನು ಬರೆದು ಕಳಿಸುತ್ತಿದ್ದಿರಿ, ಆ ಸಂಜೆಗಳನ್ನು ನಿಭಾಯಿಸಲು ನಮಗೆ ಅದರಿಂದ ಅನುಕೂಲವಾಯಿತು.’

ಇದನ್ನು ಓದಿದವರಿಗೆ ತಮ್ಮ ಕೆಲಸವನ್ನು ಯಾರೋ ನೋಡಿದ್ದಾರೆ ಎಂದು ಗೊತ್ತಾಗುತ್ತದೆ. ‘ನೀವು ಅವಳಿಗೆ ಎರಡನೇ ಅಮ್ಮ’ ಎಂಬ ಸಾಲನ್ನು ಬಿಡಿ. ಹೊಗಳಿಕೆಯಂತೆ ಕಂಡರೂ ಅದು ಕಲಿತು ಮಾಡಿದ ಕೆಲಸವನ್ನು ಸ್ವಭಾವದ ಲೆಕ್ಕಕ್ಕೆ ಬರೆದುಬಿಡುತ್ತದೆ. ಸ್ವಭಾವಕ್ಕೆ ಯಾರೂ ಸಂಬಳ ಹೆಚ್ಚಿಸುವುದಿಲ್ಲ.

ಪ್ರತಿಯೊಬ್ಬರಿಗೂ ಬೇರೆ ಪತ್ರ ಬರೆಯಿರಿ, ಒಂದೇ ಮಾತನ್ನು ಐದು ಸಲ ನಕಲು ಮಾಡಬೇಡಿ. ಅವರು ಪಕ್ಕಪಕ್ಕದಲ್ಲಿ ಕೂತು ಓದುತ್ತಾರೆ. ಅಡುಗೆಯವರಿಗೆ, ಶುಚಿ ಮಾಡುವವರಿಗೆ ಏನು ಬರೆಯಬೇಕೋ ತೋಚದಿದ್ದರೆ ಉಳಿದಿರುವ ಆರು ವಾರ ಕಣ್ಣಿಟ್ಟು ನೋಡಿ. ತರಕಾರಿ ಮುಟ್ಟದ ಮಗು ಅಲ್ಲಿ ತಿನ್ನಲು ಕಲಿತಿರಬಹುದು. ಒದ್ದೆಯಾದ ಬಟ್ಟೆ ಮಡಚಿದ ಚೀಲದಲ್ಲಿ ಬೇರೆಯಾಗಿ ಬರುತ್ತಿರಬಹುದು, ಹಾಗೆ ಕಟ್ಟುವವರು ಯಾರು ಎಂದು ಕೇಳಿ. ಹೆಸರಿನ ಕಾಗುಣಿತ ಒಮ್ಮೆ ಖಚಿತಪಡಿಸಿಕೊಳ್ಳಿ. ಅವರು ಓದುವ ಭಾಷೆಯಲ್ಲಿ ಬರೆಯಿರಿ. ಓದು ಬಾರದವರಿಗಾದರೆ ಒಂದು ನಿಮಿಷದ ಧ್ವನಿ ಸಂದೇಶ ಕಳಿಸಿ, ಮತ್ತೆ ಮತ್ತೆ ಕೇಳಬಹುದು, ಮನೆಯವರಿಗೆ ಕೇಳಿಸಬಹುದು. ಹೆಚ್ಚಿನವರು ಮರೆಯುವ ಇನ್ನೊಂದು ಹೆಜ್ಜೆಯೆಂದರೆ, ಪ್ರತಿ ಪತ್ರದ ಒಂದು ಪ್ರತಿಯನ್ನು ನಡೆಸುವವರಿಗೂ ಕಳಿಸಿ ‘ಇವರ ಕಡತದಲ್ಲಿ ಇಡಿ’ ಎಂದು ಕೋರುವುದು. ಸಂಬಳ ಏರಿಸುವಾಗ, ಬೇರೆ ಕಡೆ ಕೆಲಸ ಹುಡುಕುವಾಗ ಪೋಷಕರು ದಿನಾಂಕ, ಸಹಿ ಹಾಕಿ ಕೊಟ್ಟ ಕಾಗದ ಕೈಯಲ್ಲಿದ್ದರೆ ಪ್ರಯೋಜನವಿದೆ.

ಮಗಳ ಪಾಲೂ ಇರಲಿ. ಮೂರೂವರೆ ವರ್ಷದವಳಿಗೆ ‘ಮಿಸ್ ಅಂದ್ರೆ ಇಷ್ಟಾನಾ?’ ಎಂದು ಕೇಳಿದರೆ ‘ಹೂಂ’ ಅಂತಾಳೆ, ಅಲ್ಲಿಗೆ ಮುಗಿಯಿತು. ‘ಮಿಸ್ ಜೊತೆ ಏನು ಮಾಡ್ತೀಯಾ?’ ಎಂದು ಕೇಳಿ, ಹೇಳಿದ್ದನ್ನು ಅವಳ ಮಾತಿನಲ್ಲೇ, ತಿದ್ದದೆ ಬರೆದುಕೊಳ್ಳಿ. ‘ಮಿಸ್ಸು ನನ್ನ ಶೂ ಉಲ್ಟಾ ಅಂತಾರೆ’ ಎಂದರೆ ಹಾಗೇ ಇರಲಿ. ಅಂಗೈ ಅಚ್ಚು ಮಾಡಿಸುವುದಾದರೆ ಕಾಗದ ದಪ್ಪ ಇರಬೇಕು, 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಅಥವಾ ಅದಕ್ಕಿಂತ ಹೆಚ್ಚು. ತೆಳ್ಳಗಿನದು ಒಣಗುವಾಗ ಸುಕ್ಕಾಗುತ್ತದೆ. ಬಣ್ಣ ನೀರಿನಲ್ಲಿ ತೊಳೆದುಹೋಗುವ, ಮಕ್ಕಳಿಗೆಂದೇ ಮಾಡಿದ್ದಾಗಿರಲಿ. ಕೈಯನ್ನು ಬಣ್ಣದಲ್ಲಿ ಅದ್ದಬೇಡಿ, ಬೆರಳ ಸಂದಿಗಳಲ್ಲಿ ತುಂಬಿಕೊಂಡು ಅಚ್ಚು ಒಂದೇ ಮುದ್ದೆಯಾಗುತ್ತದೆ. ಸ್ಪಂಜಿನಿಂದ ತೆಳುವಾಗಿ ಸವರಿ, ಕಾಗದದ ಮೇಲಿಟ್ಟು, ಮೇಲಿನಿಂದ ನೀವು ಒಂದೊಂದೇ ಬೆರಳನ್ನು ಒತ್ತಿ, ಎರಡು ಮೂರು ಸೆಕೆಂಡ್ ಬಿಟ್ಟು ಮಣಿಕಟ್ಟಿನ ಕಡೆಯಿಂದ ನೇರ ಮೇಲಕ್ಕೆ ಎತ್ತಿ. ಒಂದು ಸಲ ಕೂತಾಗ ಎರಡೋ ಮೂರೋ ಅಚ್ಚಿಗಿಂತ ಹೆಚ್ಚು ತಾಳ್ಮೆ ಆ ವಯಸ್ಸಿಗೆ ಇರುವುದಿಲ್ಲ, ಐವರಿಗೆ ಬೇಕಾದರೆ ಎರಡು ದಿನ ಮಾಡಿಸಿ. ರಾತ್ರಿಯಿಡೀ ಸಪಾಟಾಗಿ ಒಣಗಲಿ. ಹಿಂದೆ ಮಗುವಿನ ಹೆಸರು, ವಯಸ್ಸು, ದಿನಾಂಕ. ಕೈಯೇ ಕೊಡಲು ಒಲ್ಲದಿದ್ದರೆ ಒತ್ತಾಯ ಬೇಡ, ಗೀಚಿದ್ದೂ ನಡೆಯುತ್ತದೆ. ಫೋಟೊ ಚೌಕಟ್ಟು ಕೊಡುವ ಯೋಚನೆಯಿದ್ದರೆ ನಿಮ್ಮ ಮಗುವಿನ ಚಿತ್ರ ಮಾತ್ರ ಇರಲಿ. ಬೇರೆ ಮಕ್ಕಳು ಅದರಲ್ಲಿದ್ದರೆ ಅವರ ತಂದೆತಾಯಿಯ ಒಪ್ಪಿಗೆ ಬೇಕು.

ಈಗ ಗುಂಪಿನ ದುಡ್ಡಿನ ಕಿರಿಕಿರಿ. ಇದು ಹುಟ್ಟುವುದು ಒಂದೇ ಕಾರಣಕ್ಕೆ: ಯಾರು ಎಷ್ಟು ಕೊಟ್ಟರು ಎಂಬುದು ಎಲ್ಲರಿಗೂ ಕಾಣುವ ಹಾಗೆ ಸಂಗ್ರಹಿಸುವುದು. ‘ತಲೆಗೆ ಇಷ್ಟು’ ಎಂದು ಒಬ್ಬರು ಹಾಕುತ್ತಾರೆ, ಹತ್ತು ಮಂದಿ ಹೆಬ್ಬೆರಳು ಎತ್ತುತ್ತಾರೆ. ಇಬ್ಬರು ಮಕ್ಕಳ ಶುಲ್ಕ ಕಟ್ಟಲು ಹೆಣಗುತ್ತಿರುವ ಮನೆಯವರು ಸುಮ್ಮನಾಗುತ್ತಾರೆ. ಆಮೇಲೆ ಕೊಟ್ಟವರ ಹೆಸರಿನ ಪಟ್ಟಿ ದಿನಕ್ಕೊಮ್ಮೆ ಗುಂಪಿಗೆ ಬೀಳುತ್ತದೆ, ಅದು ವಸೂಲಿಯೇ ಹೊರತು ಕೃತಜ್ಞತೆಯಲ್ಲ. ಹೀಗೆ ಮಾಡಿ ನೋಡಿ. ಇಬ್ಬರು ಪೋಷಕರು ಹೊಣೆ ಹೊರಲಿ. ಒಬ್ಬರು ಹಣ ತೆಗೆದುಕೊಳ್ಳುವವರು, ಇನ್ನೊಬ್ಬರು ಎಣಿಸಿ ತಾಳೆ ನೋಡುವವರು. ಮೊತ್ತ ಸೂಚಿಸಬೇಡಿ. ಸೂಚಿಸಲೇಬೇಕೆಂದು ಜನ ಕೇಳಿದರೆ ಕೆಳಮಿತಿ ಹೇಳದೆ ಮೇಲ್ಮಿತಿ ಹೇಳಿ, ‘ಇದಕ್ಕಿಂತ ಹೆಚ್ಚು ದಯವಿಟ್ಟು ಬೇಡ’ ಎಂದು. ಕಡಿಮೆ ಕೊಡುವವರ ಮುಜುಗರ ಅರ್ಧ ಅಲ್ಲೇ ಇಳಿಯುತ್ತದೆ. ಸಂದೇಶ ಹೀಗಿರಬಹುದು:

‘ಸಿಬ್ಬಂದಿಗೆ ಎಲ್ಲ ಮಕ್ಕಳ ಪರವಾಗಿ ಒಂದು ಕಾರ್ಡ್ ಮತ್ತು ಸಣ್ಣ ಉಡುಗೊರೆ ಕೊಡುತ್ತಿದ್ದೇವೆ. ಕೊಡಲು ಇಷ್ಟವಿದ್ದವರು ಮುಂದಿನ ಎರಡು ವಾರದೊಳಗೆ ನನಗೆ ಖಾಸಗಿಯಾಗಿ ಕಳಿಸಿ. ಯಾರು ಎಷ್ಟು ಕೊಟ್ಟರು ಎಂಬುದು ಎಲ್ಲೂ ಬರುವುದಿಲ್ಲ. ಕಾರ್ಡ್‌ನಲ್ಲಿ ಎಲ್ಲ ಮಕ್ಕಳ ಹೆಸರೂ ಇರುತ್ತದೆ.’

ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಹಣ ಕೊಡದ ಮನೆಯ ಮಗುವಿನ ಹೆಸರು ಕಾರ್ಡ್‌ನಲ್ಲಿ ಇಲ್ಲದಿದ್ದರೆ ಅದು ಎಲ್ಲರಿಗಿಂತ ಮೊದಲು ಸಿಬ್ಬಂದಿಯ ಕಣ್ಣಿಗೆ ಬೀಳುತ್ತದೆ. ನೆನಪೋಲೆ ಒಂದೇ ಸಲ, ಗಡುವಿಗೆ ಮೂರು ದಿನ ಮುಂಚೆ. ಗಡುವು ಉಡುಗೊರೆ ಕೊಡುವ ದಿನಕ್ಕಿಂತ ಕನಿಷ್ಠ ಹತ್ತು ದಿನ ಮೊದಲಿರಲಿ, ಕಾರ್ಡ್ ಕೈಯಿಂದ ಕೈಗೆ ಹೋಗಿ ಬರಲು ಅಷ್ಟು ಬೇಕು.

ಹಂಚುವುದಕ್ಕೆ ಪಾಲಿನ ಲೆಕ್ಕ ಇಟ್ಟುಕೊಳ್ಳಿ. ನೀವು ಹೇಳಿದ ಐವರಲ್ಲಿ ನಾಲ್ವರು ಪೂರ್ಣ ದಿನದವರು, ಅವರಿಗೆ ಎರಡೆರಡು ಪಾಲು. ಅರ್ಧ ದಿನದವರಿಗೆ ಒಂದು. ಒಟ್ಟು ಒಂಬತ್ತು ಪಾಲು, ಬಂದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ. ಮಿಸ್ ಮುಖ್ಯರಾದ್ದರಿಂದ ಅವರಿಗೆ ಹೆಚ್ಚು ಕೊಡೋಣ ಎಂಬ ಮಾತು ಬರುತ್ತದೆ. ನಾನಂತೂ ಒಪ್ಪುವುದಿಲ್ಲ. ಅವರಿಗೆ ಸಂಬಳ ಹೆಚ್ಚಿರುವ ಸಂಭವವೇ ಹೆಚ್ಚು, ಒಬ್ಬೊಬ್ಬ ಪೋಷಕರು ಬೇರೆಯಾಗಿ ಕೊಡುವುದೂ ಅವರಿಗೇ. ಡೈಪರ್ ಬದಲಿಸಿ, ವಾಂತಿ ಒರೆಸಿದ ಸಹಾಯಕಿಯರ ಹೆಸರೇ ಎಷ್ಟೋ ಪೋಷಕರಿಗೆ ಗೊತ್ತಿರುವುದಿಲ್ಲ. ಆಗೀಗ ಬದಲಿಯಾಗಿ ಬರುವವರಿದ್ದರೆ ಅವರಿಗೂ ಒಂದು ಕಾರ್ಡ್ ಸಿಗಲಿ. ಹಂಚಲು ಕೂರುವ ಮುನ್ನ ನಡೆಸುವವರಿಂದ ಸಿಬ್ಬಂದಿಯ ಪೂರ್ತಿ ಪಟ್ಟಿ ತರಿಸಿಕೊಳ್ಳಿ, ನೆನಪಿನಿಂದ ಬರೆದ ಪಟ್ಟಿಯಲ್ಲಿ ಒಬ್ಬರಾದರೂ ಬಿಟ್ಟುಹೋಗುತ್ತಾರೆ. ಕೊಟ್ಟ ಮೇಲೆ ಗುಂಪಿಗೆ ಒಂದೇ ಸಂದೇಶ: ಒಟ್ಟು ಎಷ್ಟು ಬಂತು, ಎಷ್ಟು ಪಾಲಾಯಿತು, ಎಂದು ತಲುಪಿತು.

ದುಡ್ಡೋ ವಸ್ತುವೋ ಎಂದು ಕೇಳಿದ್ದೀರಿ. ನಿಯಮ ಒಪ್ಪುವುದಾದರೆ ದುಡ್ಡು, ಅಥವಾ ಎಲ್ಲೆಡೆ ನಡೆಯುವ ಗಿಫ್ಟ್ ಕಾರ್ಡ್. ಕಡಿಮೆ ಸಂಬಳದ ಕೆಲಸ ಮಾಡುವವರಿಗೆ ತಮಗೆ ಬೇಕಾದ್ದನ್ನು ತಾವೇ ಕೊಳ್ಳುವ ಸ್ವಾತಂತ್ರ್ಯಕ್ಕಿಂತ ಒಳ್ಳೆಯ ವಸ್ತುವಿಲ್ಲ. ಗಿಫ್ಟ್ ಕಾರ್ಡ್ ಕೊಡುವುದಾದರೆ ಅವಧಿ ಯಾವಾಗ ಮುಗಿಯುತ್ತದೆ, ಅವರ ಮನೆಯ ಹತ್ತಿರ ಬಳಸಲಾಗುತ್ತದೆಯೇ, ಸ್ಮಾರ್ಟ್‌ಫೋನ್ ಇಲ್ಲದೆಯೂ ನಡೆಯುತ್ತದೆಯೇ ನೋಡಿ. ಹಣ ಮುಚ್ಚಿದ ಲಕೋಟೆಯಲ್ಲಿ, ಮೇಲೆ ಹೆಸರು ಬರೆದು, ದೊಡ್ಡವರ ಕೈಯಿಂದ ದೊಡ್ಡವರ ಕೈಗೆ ಹೋಗಲಿ. ಮಗುವಿನ ಬ್ಯಾಗಿನಲ್ಲಿ ಹಾಕಿ ಕಳಿಸಿದ ಲಕೋಟೆ ಊಟದ ಡಬ್ಬಿಯ ಅಡಿಯಲ್ಲಿ ಒದ್ದೆಯಾಗಿ ವಾಪಸ್ ಮನೆಗೇ ಬರುವುದುಂಟು.

ವಸ್ತುವೇ ಕೊಡಬೇಕೆಂದರೆ ಬೇಡದವು ಯಾವುವೆಂದು ಮೊದಲು ಹೇಳುತ್ತೇನೆ. ಸುಗಂಧ ದ್ರವ್ಯ ಬೇಡ. ಉಸಿರಾಟದ ತೊಂದರೆಯಿರುವ ಮಕ್ಕಳಿದ್ದಲ್ಲಿ ಹಾಕಿಕೊಳ್ಳಲಾಗದು. ತೂಗುವ ಓಲೆ, ಸರ, ಹರಳಿನ ಉಂಗುರವನ್ನು ಎಳೆಯುವ, ಕಚ್ಚುವ ಕೂಸುಗಳ ನಡುವೆ ಬಿಚ್ಚಿಡಲೇಬೇಕು. ಕಾಫಿ ಮಗ್‌ಗಳು ಅವರ ಮನೆಯಲ್ಲಿ ಈಗಾಗಲೇ ಸಾಲುಗಟ್ಟಿವೆ. ಅಳತೆ ಗೊತ್ತಿಲ್ಲದ ಬಟ್ಟೆಯೂ ಬೇಡ. ದಿನಕ್ಕೆ ಹತ್ತಾರು ಸಲ ಕೈ ತೊಳೆಯುವ ಕೆಲಸವಾದ್ದರಿಂದ ವಾಸನೆಯಿಲ್ಲದ ಕೈ ಕ್ರೀಮ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಕೋಣೆಗೆ ಏನಾದರೂ ಕೊಡುವುದು ಇನ್ನೊಂದು ದಾರಿ, ಆದರೆ ಕೇಳಿ ಕೊಡಿ. ದಪ್ಪ ರಟ್ಟಿನ ಹಾಳೆಯ ಪುಸ್ತಕ, ಚಿತ್ರ ಬರೆಯುವಾಗ ತೊಡಿಸುವ ಏಪ್ರನ್ ಇಂಥವಕ್ಕೆ ಸದಾ ಬೇಡಿಕೆ. ಮಿಸ್‌ಗೆ ಬೇರೆಯಾಗಿ ಕೊಡುವ ನಿಮ್ಮ ಆಸೆಗೆ ನಿಯಮದ ಅಡ್ಡಿ ಇಲ್ಲದಿದ್ದರೆ ಕೊಡಿ, ಗುಂಪಿನ ಉಡುಗೊರೆಯ ದಿನ ಬಿಟ್ಟು ಬೇರೆ ದಿನ, ಉಳಿದವರು ಇಲ್ಲದ ಹೊತ್ತಿನಲ್ಲಿ, ಗುಂಪಿನ ಒಂದು ಪಾಲನ್ನು ಮೀರದ ಹಾಗೆ.

ಹುಟ್ಟುಹಬ್ಬದ ಆಟಿಕೆಗೆ ಪ್ರತಿ ಉಡುಗೊರೆ ಬೇಡ. ಅದು ಮಗುವಿಗೆ ಬಂದದ್ದು, ನಿಮ್ಮ ಮೇಲಿನ ಸಾಲವಲ್ಲ. ತಕ್ಷಣ ಸರಿಸಮನಾದ ಬೆಲೆಯದನ್ನು ಹಿಂದಿರುಗಿಸಿದರೆ ‘ನಿಮ್ಮದು ನಮಗೆ ಬೇಡ’ ಎಂದಂತಾಗುತ್ತದೆ. ಮಗಳು ಅದರೊಂದಿಗೆ ಆಡುವುದನ್ನು ಹೇಳಿ, ಒಂದು ಫೋಟೊ ತೋರಿಸಿ, ಅಷ್ಟೇ ಅವರಿಗೆ ಬೇಕಾದ್ದು. ಅವರ ಸಂಬಳಕ್ಕೆ ಭಾರವಾಗುವಂಥದ್ದನ್ನು ಕೊಟ್ಟಿದ್ದರೆ ಮಾತ್ರ, ‘ಮುಂದಿನ ಸಲ ನೀವು ಮಾಡಿದ ಕಾಗದದ ಹೂವು ಸಾಕು ಮಿಸ್’ ಎಂದು ನಗುತ್ತಲೇ ಹೇಳಿಬಿಡಿ.

ಇದನ್ನು ಡೇಕೇರ್ ನಡೆಸುವವರೂ ಓದುತ್ತಾರಾದ್ದರಿಂದ ಅವರ ಕಡೆಯದನ್ನೂ ಸೇರಿಸುತ್ತೇನೆ. ಮಕ್ಕಳಿಗೆ ನೀವು ಕೊಡುವುದು ಎಲ್ಲರಿಗೂ ಒಂದೇ ಆಗಿರಲಿ, ಮೂರು ವರ್ಷದೊಳಗಿನವರಿಗಂತೂ ಸುರಕ್ಷತೆಯ ಕಣ್ಣಿನಿಂದ ಆರಿಸಿ. ಆಟಿಕೆಯ ಸಣ್ಣ ಭಾಗಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ 3.17 ಸೆಂ.ಮೀ., ಅದರೊಳಗೆ ಪೂರ್ತಿ ಇಳಿಯುವ ಯಾವುದೇ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಟಾಯ್ಲೆಟ್ ಪೇಪರ್ ಸುತ್ತಿಬರುವ ರಟ್ಟಿನ ಕೊಳವೆ ಇದಕ್ಕಿಂತ ತುಸು ಅಗಲ, ಅದರಲ್ಲಿ ತೂರುವುದನ್ನು ಕೊಡದಿದ್ದರೆ ನೀವು ಇನ್ನೂ ಸುರಕ್ಷಿತ. ಹಾಡುವ ಕಾರ್ಡ್, ಮಿನುಗುವ ಬ್ಯಾಂಡ್‌ಗಳಲ್ಲಿ ಗುಂಡಿ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು ಕೊಳ್ಳಲೇಬೇಡಿ. ಬಿಡಿ ಅಯಸ್ಕಾಂತ ಎರಡು ಹೊಟ್ಟೆಗೆ ಹೋದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಊದದ ಬಲೂನು, ಒಡೆದ ಬಲೂನಿನ ಚೂರು ಉಸಿರುಗಟ್ಟಿಸುತ್ತವೆ. ತಿನಿಸು ಕೊಡುವುದಾದರೆ ಒಂದು ವರ್ಷದೊಳಗಿನವರಿಗೆ ಜೇನು ಇಲ್ಲ, ಐದು ವರ್ಷದೊಳಗಿನವರಿಗೆ ಇಡೀ ಬೀಜಗಳು ಇಲ್ಲ, ಏನೇನು ಹಾಕಿದೆ ಎಂಬ ಚೀಟಿ ಪೊಟ್ಟಣದ ಮೇಲೆ ಇರಲೇಬೇಕು.

ಪೋಷಕರಿಂದ ಬರುವುದಕ್ಕೆ ನಿಯಮವನ್ನು ದಾಖಲಾತಿಯ ಅರ್ಜಿಯಲ್ಲೇ ಬರೆದಿಡಿ. ಏನು ತೆಗೆದುಕೊಳ್ಳುತ್ತೀರಿ, ಮಿತಿ ಎಷ್ಟು, ಮೀರಿದರೆ ಏನು ಮಾಡುತ್ತೀರಿ, ಉಡುಗೊರೆ ಕೊಡದಿದ್ದರೂ ಮಗುವಿನ ಆರೈಕೆಯಲ್ಲಿ ವ್ಯತ್ಯಾಸವಿಲ್ಲ. ನಾಲ್ಕು ವಾಕ್ಯ ಸಾಕು. ಒಂದು ಪುಸ್ತಕದಲ್ಲಿ ದಿನಾಂಕ, ಕೊಟ್ಟವರು, ವಸ್ತು, ತೆಗೆದುಕೊಂಡದ್ದೋ ಹಿಂದಿರುಗಿಸಿದ್ದೋ ಎಂದು ಬರೆಯಿರಿ. ದೂರು ಬಂದಾಗ ಸಿಬ್ಬಂದಿಯನ್ನು ಕಾಯುವುದು ಅದೇ. ನಿರಾಕರಿಸಬೇಕಾದಾಗ ಕಾರಣವನ್ನು ನಿಯಮದ ಮೇಲೆ ಹಾಕಿ, ಕೊಟ್ಟವರ ಮೇಲೆ ಅಲ್ಲ: ‘ನೀವು ನೆನಪಿಟ್ಟುಕೊಂಡದ್ದೇ ಖುಷಿ. ಇಷ್ಟು ದೊಡ್ಡದನ್ನು ತೆಗೆದುಕೊಳ್ಳಲು ನಮ್ಮಲ್ಲಿ ಅವಕಾಶವಿಲ್ಲ. ಈ ಪತ್ರವನ್ನು ಇಟ್ಟುಕೊಳ್ಳುತ್ತೇನೆ.’ ಬಂದ ಉಡುಗೊರೆಗಳ ಫೋಟೊವನ್ನು ಪೋಷಕರ ಗುಂಪಿಗೆ ಹಾಕಬೇಡಿ. ಧನ್ಯವಾದ ಆಯಾ ಮನೆಗೆ ಮಾತ್ರ, ಎರಡು ಮೂರು ದಿನದೊಳಗೆ. ಮಗುವೊಂದು ಮುದುಡಿದ ಎಲೆಯನ್ನೋ ಕಲ್ಲನ್ನೋ ತಂದುಕೊಟ್ಟರೆ ಅದಕ್ಕೆ ಯಾವ ಮಿತಿಯೂ ಅನ್ವಯಿಸುವುದಿಲ್ಲ. ಕೆಳಗೆ ಕೂತು, ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲಿಡಲಿ ಎಂದು ಮಗುವನ್ನೇ ಕೇಳಿ.

ಇನ್ನು ನಿಮ್ಮ ಮಗಳ ಕೊನೆಯ ದಿನ. ಸಂಜೆ ಕರೆದೊಯ್ಯುವ ಗದ್ದಲದಲ್ಲಿ ಕೊಡಬೇಡಿ. ಆಗ ಸಿಬ್ಬಂದಿಯ ಕಣ್ಣು ಬಾಗಿಲ ಮೇಲಿರಬೇಕು, ಯಾವ ಮಗು ಯಾರ ಜೊತೆ ಹೋಯಿತು ಎಂಬ ಲೆಕ್ಕ ತಪ್ಪಬಾರದು. ಎರಡು ಮೂರು ದಿನ ಮೊದಲೇ ‘ಹದಿನೈದು ನಿಮಿಷ ಯಾವಾಗ ಬಿಡುವು?’ ಎಂದು ನಡೆಸುವವರನ್ನು ಕೇಳಿ. ಹೆಚ್ಚಿನ ಕಡೆ ಮಕ್ಕಳ ಮಧ್ಯಾಹ್ನದ ನಿದ್ದೆಯ ಹೊತ್ತು ಸಿಗುತ್ತದೆ. ಲಕೋಟೆಗಳನ್ನು ಆಗ ತಲುಪಿಸಿ. ಅಂಗೈ ಅಚ್ಚನ್ನು ಮಾತ್ರ ಬೆಳಿಗ್ಗೆ ಬಿಡುವಾಗ ಮಗಳ ಕೈಯಲ್ಲೇ ಕೊಡಿಸಿ. ನಾಳೆಯಿಂದ ಇಲ್ಲಿಗೆ ಬರುವುದಿಲ್ಲ ಎಂಬುದನ್ನು ಅವಳಿಗೆ ಒಂದು ವಾರ ಮೊದಲೇ ಹೇಳಿರಬೇಕು. ‘ಮಿಸ್ ಅಳ್ತಾರೆ ನೋಡು’ ಎಂದು ಹೇಳಿ ಕಳಿಸಬೇಡಿ, ಮಿಸ್‌ನ ದುಃಖ ತನ್ನಿಂದಲೇ ಆದದ್ದು ಎಂದು ಆ ವಯಸ್ಸಿನ ಮಕ್ಕಳು ಅಂದುಕೊಳ್ಳುತ್ತಾರೆ. ಆಮೇಲೆ ಸಂಪರ್ಕ ಇಟ್ಟುಕೊಳ್ಳುವುದಾದರೆ ಮಿಸ್‌ನ ಸ್ವಂತ ನಂಬರ್ ಕೇಳಬೇಡಿ, ನಿಮ್ಮದನ್ನು ಪತ್ರದ ಕೆಳಗೆ ಬರೆದಿಡಿ. ಬೇಕೆನಿಸಿದರೆ ಅವರೇ ಕರೆಯುತ್ತಾರೆ.